ಮುಳುಗುವವರ ಕಿವಿ

ಸಿರಸಂಗಿಗೆ ಕಡಲು ಬಹುದೂರ. ಆದರೂ ಬಾವಿಯ ತಳಕ್ಕೆ ಬಿದ್ದ ಕೊಡವನ್ನು ತರಲೆಂದು ಮುಳುಗಿದವನಿಗೆ ಕಿವಿಯಲ್ಲಿ ಸೂಜಿ ಚುಚ್ಚಿದಂಥ ನೋವು ಹೊಸದಲ್ಲ. ಮುರುಡೇಶ್ವರದಾಚೆ ನೇತ್ರಾಣಿ ದ್ವೀಪದ ಬಳಿ, ಬೆನ್ನಿಗೆ ಗಾಳಿಯ ಸಿಲಿಂಡರು ಕಟ್ಟಿಕೊಂಡು ಹವಳ-ಮೀನುಗಳನ್ನು ಕಾಣಲು ಇಳಿಯುವ ಸ್ಕೂಬಾ ಈಜುಗಾರರನ್ನು ಮೊದಲು ಕಾಡುವುದೂ ಅದೇ ನೋವು.

ಹತ್ತು ಮೀಟರು ಇಳಿಯುವಷ್ಟರಲ್ಲಿ ಮೈಮೇಲಿನ ಒತ್ತಡ ಇಮ್ಮಡಿಯಾಗುತ್ತದೆ. ಅದು ಮತ್ತೆ ಇಮ್ಮಡಿಯಾಗಲು 30 ಮೀಟರಿನ ಆಳ ಬೇಕು. ಎಂದರೆ ಕಿವಿಯ ತಮಟೆಗೆ ಹೆಚ್ಚಿನ ಗಂಡಾಂತರವಿರುವುದು ಪಾತಾಳದಲ್ಲಲ್ಲ, ಮೇಲಣ ಕೆಲವೇ ಮೀಟರುಗಳಲ್ಲಿ. ತಮಟೆಯ ಹಿಂದಿನ ಗಾಳಿ ಕುಗ್ಗಿದಂತೆ ಆ ತೆಳುಪೊರೆ ಒಳಬಾಗುತ್ತದೆ, ಕೊನೆಗೆ ಹರಿಯಲೂಬಹುದು. ಹರಿದೆಡೆಯಿಂದ ತಣ್ಣೀರು ಒಳನುಗ್ಗಿದರೆ ತಲೆ ಗಿರ್ರನೆ ತಿರುಗಿ, ಮೇಲಾವುದು ಕೆಳಗಾವುದು ಎಂಬ ಅರಿವೇ ತಪ್ಪುತ್ತದೆ. ಪ್ರಾಣಕ್ಕೆ ಸಂಚಕಾರ ಬರುವುದು ಆಗಲೇ.

ಮೂಗು ಹಿಡಿದು, ಬಾಯಿ ಮುಚ್ಚಿ, ಮೆಲ್ಲನೆ ಊದಿದರೆ ಗಂಟಲ ಹಿಂಬದಿಯ ಕಿರುನಾಳದಿಂದ ಕಿವಿಯೊಳಕ್ಕೆ ಗಾಳಿ ಸೇರಿ ಒತ್ತಡ ಸಮವಾಗುತ್ತದೆ. ಈ ಉಪಾಯಕ್ಕೆ ಇಟಲಿಯ ವೈದ್ಯ ಆಂಟೋನಿಯೊ ವಾಲ್ಸಾಲ್ವಾನ (1666–1723) ಹೆಸರಿದೆ. ಪಾಪ, ಅವನು ಹೇಳಿದ್ದು ಕಿವಿಯ ಕೀವನ್ನು ಹೊರಗೆಡಹಲು! ನೋವು ತೋರುವ ಮುನ್ನವೇ ಇದನ್ನು ಮಾಡಬೇಕು. ತೋರಿದ ಮೇಲೆ ಬಲವಾಗಿ ಊದುವುದು ಹುಂಬತನ, ಮೇಲೇರುವುದೇ ಸರಿ. ನೆಗಡಿಯಿದ್ದಾಗ ನಾಳ ಬಿಗಿದಿರುವುದರಿಂದ ನೀರಿಗಿಳಿಯಲೇಬಾರದು.

ಹರಿದ ತಮಟೆ ಬಹುಮಟ್ಟಿಗೆ ಕೆಲವು ವಾರಗಳಲ್ಲಿ ತಾನೇ ಕೂಡಿಕೊಳ್ಳುತ್ತದೆ, ಕಿವಿಯನ್ನು ಒಣಗಿದಂತೆ ಕಾಪಾಡಿದರೆ. ನಮ್ಮ ಮನೆಗಳಲ್ಲಾದರೋ ಕಿವಿನೋವೆಂದೊಡನೆ ಬೆಳ್ಳುಳ್ಳಿ ಕಾಸಿದ ಎಣ್ಣೆ ಸಿದ್ಧವಾಗುತ್ತದೆ. ಅಕ್ಕರೆಯ ಮದ್ದು ನಿಜ. ಆದರೆ ಹರಿದ ಕಿವಿಗೆ ಅದನ್ನು ಬಿಡಕೂಡದು. ಕಿವುಡು, ಮೊರೆತ, ತಲೆಸುತ್ತು ಉಳಿದರೆ ಒಳಗಿವಿಗೇ ಪೆಟ್ಟಾಗಿರಬಹುದು. ವೈದ್ಯರನ್ನು ಅಂದೇ ಕಾಣಬೇಕು.