ಮಾಗಿಯ ಚಳಿಯೂ ಮೋಟಾರ್ ಸೈಕಲ್ಲೂ

ಹಾವೇರಿ ಜಿಲ್ಲೆಯ ರಟ್ಟೀಹಳ್ಳಿ ಕುಮುದ್ವತಿ ನದಿಯ ದಂಡೆಯ ಮೇಲಿರುವ ಊರು. ಕದಂಬೇಶ್ವರನ ತ್ರಿಕೂಟ ದೇವಾಲಯವನ್ನು ನೋಡಲು ಬರುವವರು ಸಾಮಾನ್ಯವಾಗಿ ಹೊತ್ತೇರಿದ ಮೇಲೆ ಬರುತ್ತಾರೆ. ಪುಷ್ಯಮಾಸದ ನಸುಕಿನಲ್ಲಿ ಹೊಳೆಯಿಂದೆದ್ದು ಹೊಲಗಳ ಮೇಲೆ ಹರಡುವ ಮಂಜು ಅವರ ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬಲ್ಲವರು ಹಾಲಿನ ಕ್ಯಾನುಗಳನ್ನು ಇಕ್ಕೆಲಗಳಲ್ಲಿ ತೂಗಹಾಕಿಕೊಂಡು ಹೊರಟವರು, ಬಸ್ಸಿಗೆ ಕಾಯಲೊಲ್ಲದೆ ಹಿರೇಕೆರೂರಿಗೋ ರಾಣಿಬೆನ್ನೂರಿಗೋ ಧಾವಿಸುವ ನೌಕರರು. ಹಿಂದಿನವರು ಚಕ್ಕಡಿಯಲ್ಲಿ ಕಂಬಳಿ ಹೊದ್ದು ಸಾಗುತ್ತಿದ್ದ ಹಾದಿಯನ್ನು ಇವರು ಮೋಟಾರ್ ಸೈಕಲ್ಲಿನ ಮೇಲೆ ಕ್ರಮಿಸುತ್ತಾರೆ. ಕಂಬಳಿ ಮಾತ್ರ ಮನೆಯಲ್ಲಿಯೇ ಉಳಿಯಿತು!

‘ನಮ್ಮದೇನು ಹಿಮಾಲಯದ ಚಳಿಯೇ?’ ಎಂದು ಕೇಳುವವರುಂಟು. ಅಲ್ಲ, ನಿಜ. ಆದರೆ ವಾಹನವೇರಿದವನಿಗೆ ಚಳಿಯ ಲೆಕ್ಕವೇ ಬೇರೆ. ನಮ್ಮ ಮೈಯ ಸುತ್ತ ಬೆಚ್ಚನೆಯ ಗಾಳಿಯ ತೆಳುಪದರವೊಂದಿರುತ್ತದೆ. ವೇಗದ ಗಾಳಿ ಅದನ್ನು ಕ್ಷಣಕ್ಷಣಕ್ಕೂ ಕಿತ್ತೊಯ್ಯುತ್ತದೆ. ಉಷ್ಣಮಾನ 10 ಡಿಗ್ರಿ ಸೆಂಟಿಗ್ರೇಡಿಗೆ ಇಳಿದ ಮುಂಜಾವಿನಲ್ಲಿ ಗಂಟೆಗೆ 60 ಕಿ.ಮೀ. ವೇಗದಲ್ಲಿ ಸಾಗುವವನ ತೆರೆದ ಚರ್ಮಕ್ಕೆ ಅದು ಸುಮಾರು 5 ಡಿಗ್ರಿಯ ಚಳಿಯಾಗಿ ತಾಗುತ್ತದೆ. ಮೊದಲು ಸೋಲುವವು ಬೆರಳುಗಳು. ಒಡಲಿನ ಬಿಸಿಯನ್ನು ಕಾಯ್ದುಕೊಳ್ಳಲು ದೇಹವು ಕೈಕಾಲುಗಳ ತುದಿಗೆ ಹರಿಯುವ ರಕ್ತವನ್ನು ತಗ್ಗಿಸುತ್ತದೆ. ಮುಂದಿನ ಬ್ರೇಕು, ಕ್ಲಚ್ಚು ಎರಡೂ ಆ ಮರಗಟ್ಟಿದ ಬೆರಳುಗಳ ವಶದಲ್ಲಿಯೇ ಇರುವವು! ಈ ವೇಗದಲ್ಲಿ ಗಾಡಿಯು ಒಂದು ಸೆಕೆಂಡಿಗೆ ಸುಮಾರು 17 ಮೀಟರ್ ಮುಂದೆ ಹೋಗುತ್ತದೆಂಬುದನ್ನು ನೆನೆದರೆ ಕೈಗವಸು ಶೋಕಿಯ ವಸ್ತುವೆನಿಸದು. ಉಣ್ಣೆಯದಕ್ಕಿಂತ ಗಾಳಿ ನುಗ್ಗದ ಚರ್ಮದ್ದು ಮೇಲು. ಎದೆಗೆ, ಕೋಟಿನ ಒಳಗೆ, ಹಳೆಯ ವೃತ್ತಪತ್ರಿಕೆಯ ನಾಲ್ಕು ಹಾಳೆ ಸಾಕು. (ವಾರಪತ್ರಿಕೆಯನ್ನು ಮಾತ್ರ ಓದಿ ಮುಗಿಸಿದ ಮೇಲೆ!)

ಇದಕ್ಕಿಂತಲೂ ಕಳವಳದ ಸಂಗತಿ ಮತ್ತೊಂದು. ತಂದೆ ಸ್ವೆಟರು ಮಫ್ಲರುಗಳೊಳಗೆ ಅಡಗಿರುತ್ತಾನೆ. ತಾಯಿ ಸೆರಗು ಹೊದ್ದು ಅವನ ಬೆನ್ನ ಮರೆಯಲ್ಲಿ ಕುಳಿತಿರುತ್ತಾಳೆ. ಎಳೆಯ ಮಗುವೋ ಎಲ್ಲರಿಗಿಂತ ಮುಂದೆ, ಪೆಟ್ರೋಲು ಟ್ಯಾಂಕಿನ ಮೇಲೆ! ಸಂಸಾರಕ್ಕೆಲ್ಲ ಬೀಸುವ ಗಾಳಿಗೆ ಅದೇ ತಡೆಗೋಡೆ. ಮಕ್ಕಳ ಮೈ ದೊಡ್ಡವರಿಗಿಂತ ಬೇಗ ಬಿಸಿ ಕಳೆದುಕೊಳ್ಳುತ್ತದೆ. ಹೇಳಲು ಕೂಸಿಗೆ ಬಾರದು. ಸುಮ್ಮನಾದರೆ ನಿದ್ದೆ ಬಂತೆಂದು ನಾವು ಸಮಾಧಾನಪಡುತ್ತೇವೆ. 2022ರಲ್ಲಿ ಪ್ರಕಟವಾಗಿ 2023ರ ಫೆಬ್ರುವರಿಯಲ್ಲಿ ಜಾರಿಗೆ ಬಂದ ಕೇಂದ್ರ ಸರಕಾರದ ನಿಯಮವು 9 ತಿಂಗಳಿಂದ 4 ವರ್ಷದವರೆಗಿನ ಮಗುವನ್ನು ಹಿಂದೆ ಕೂರಿಸುವಾಗ ಸವಾರನಿಗೆ ಬಿಗಿಯುವ ಪಟ್ಟಿಯನ್ನೂ ಶಿರಸ್ತ್ರಾಣವನ್ನೂ ಕಡ್ಡಾಯಗೊಳಿಸಿ, ವೇಗ 40 ಕಿ.ಮೀ. ಮೀರಕೂಡದೆಂದಿದೆ. ಚಳಿಗಾಗಿ ಹುಟ್ಟಿದ ನಿಯಮವಲ್ಲ. ಆದರೂ ಪಾಲಿಸಿದರೆ ಮಗುವಿಗೆ ತಂದೆಯ ಬೆನ್ನಾದರೂ ಮರೆಯಾದೀತು.

ಯಂತ್ರಕ್ಕೂ ಚಳಿಯುಂಟು. ತಣ್ಣನೆಯ ಪೆಟ್ರೋಲು ಸುಲಭವಾಗಿ ಆವಿಯಾಗದು. ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಿಂದ 1961ರಿಂದ ಹೊರಬಂದ ಜಾವಾ, 1973ರಿಂದ ಬಂದ ಯೆಜ್ಡಿ ಗಾಡಿಗಳ ಮಾಲೀಕರಿಗೆ ಇದು ಚೆನ್ನಾಗಿ ಗೊತ್ತು. ಕಾರ್ಬ್ಯುರೇಟರಿನ ಗುಂಡಿಯೊತ್ತಿ ಪೆಟ್ರೋಲು ತುಳುಕಿಸಿ, ಕಿಕ್ಕನ್ನು ತುಳಿದು ತುಳಿದು, ಎಂಜಿನ್ನು ಗುಡುಗುವಷ್ಟರಲ್ಲಿ ಸವಾರನಿಗೆ ಬೆವರು! ಆ ಕಿಕ್ಕಿನ ಸನ್ನೆಯನ್ನೇ ಮಡಚಿದರೆ ಗೇರಾಗುತ್ತಿತ್ತು. ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗಿನ ಗಾಡಿಗಳಲ್ಲಿ ಎಂಜಿನ್ನಿನ ಬಿಸಿಯನ್ನು ಅಳೆದು ಪೆಟ್ರೋಲನ್ನು ಹದವರಿತು ಚಿಮ್ಮಿಸುವ ವ್ಯವಸ್ಥೆಯಿದೆ.

ರಸ್ತೆ ಮಾತ್ರ ಹಳೆಯದೇ. ಸುಗ್ಗಿಯ ದಿನಗಳಲ್ಲಿ ಡಾಂಬರು ರಸ್ತೆಯೇ ರೈತನ ಕಣ. ಅಂಚಿನುದ್ದಕ್ಕೂ ಗೋವಿನಜೋಳದ ರಾಶಿ, ಕಾವಲಿಗೆ ಸಾಲುಗಲ್ಲು; ಗಾಲಿಗಳಿಂದ ತುಳಿಸಲೆಂದು ಹಾಸಿದ ತೆನೆಗಳು ಇಬ್ಬನಿಯಲ್ಲಿ ನೆನೆದರೆ ಎಣ್ಣೆಯಂತೆ ಜಾರುತ್ತವೆ. ಮಂಜಿನಲ್ಲಿ ದೀಪವನ್ನು ಮೇಲಕ್ಕೆ ಹಾಯಿಸಿದರೆ ನೀರಹನಿಗಳು ಬೆಳಕನ್ನು ಸವಾರನ ಕಣ್ಣಿಗೇ ಮರಳಿಸುವುದರಿಂದ ತಗ್ಗಿಸಿದ ದೀಪವೇ ಉತ್ತಮ. ಸಾಧ್ಯವಿದ್ದವರು ಹೊತ್ತು ಹುಟ್ಟಿದ ಮೇಲೆ ಹೊರಡಬಹುದು.

ಹಾಲಿನವನಿಗೆ ಆ ಅನುಕೂಲವಿಲ್ಲ. ಅವನು ನಿಂತಲ್ಲೆಲ್ಲ ಬಗ್ಗಿ, ಎಂಜಿನ್ನಿನ ಮಗ್ಗುಲಿಗೆ ಅಂಗೈಗಳನ್ನು ಹಿಡಿದು ಕಾಯಿಸಿಕೊಳ್ಳುತ್ತಾನೆ. ಬೆರಳು ಮಡಚಲು ಬಂದ ಮೇಲೆ ಮುಂದಿನ ಮನೆಗೆ ಹೊರಡುತ್ತಾನೆ.