ಒಂದು ಸಲಕ್ಕೆ ಒಂದೇ ಹಾಳೆ

ಕೃಷ್ಣಾ ನದಿಯ ದಂಡೆಯ ಮೇಲಿರುವ ತಿಂಥಣಿಯು ಮೌನೇಶ್ವರನ ಕ್ಷೇತ್ರವೆಂದು ಪ್ರಸಿದ್ಧವಾಗಿದೆ. ಯಾದಗಿರಿ ಜಿಲ್ಲೆಯ ಸುರಪುರ ತಾಲ್ಲೂಕಿಗೆ ಸೇರಿದ ಈ ಊರಿನ ರೈತನೊಬ್ಬನು ತನ್ನ ಹೊಲದ ಪಹಣಿಗಾಗಿ ಸುರಪುರದ ತಾಲ್ಲೂಕು ಕಚೇರಿಗೆ ಹೋದನೆಂದು ಭಾವಿಸೋಣ. ಕಿಟಕಿಯ ಆಚೆ ಕುಳಿತವರು ಸರ್ವೆ ನಂಬರನ್ನು ಕೇಳಿ ಕೀಲಿಮಣೆಯನ್ನು ಒತ್ತುತ್ತಾರೆ. ಪಕ್ಕದ ಮುದ್ರಣಯಂತ್ರವು ಗರಗರನೆ ಸದ್ದುಮಾಡಿ ಒಂದು ಹಾಳೆಯನ್ನು ಒಳಗೆಳೆದುಕೊಂಡು, ಅಕ್ಷರಗಳನ್ನು ಮೂಡಿಸಿ ಹೊರಗೆ ಚಾಚುತ್ತದೆ. ರೈತನು ಅದನ್ನು ಮಡಿಸಿ ಜೇಬಿಗಿಟ್ಟುಕೊಂಡು ಹೊರಡುತ್ತಾನೆ. ಅಕ್ಷರ ಮೂಡಿದ ಬಗೆಯನ್ನು ಕಂಡು ಬೆರಗಾಗುವವರು ಹಲವರು. ಆದರೆ ಐನೂರು ಹಾಳೆಗಳ ಕಟ್ಟಿನಿಂದ ಒಂದೇ ಒಂದು ಹಾಳೆ ಬಿಡಿಯಾಗಿ ಹೊರಟಿತಲ್ಲ, ಅದು ಹೇಗೆ ಎಂದು ಕೇಳುವವರು ವಿರಳ. ಈ ಚಿಕ್ಕ ಪ್ರಶ್ನೆಯು ಯಂತ್ರಶಿಲ್ಪಿಗಳನ್ನು ಬಹುಕಾಲ ಕಾಡಿದೆ.

ನಮ್ಮ ಅನುಭವವನ್ನೇ ನೆನೆಯೋಣ. ನೋಟುಗಳನ್ನು ಎಣಿಸುವಾಗ ನಾವು ಬೆರಳನ್ನು ಒದ್ದೆ ಮಾಡಿಕೊಳ್ಳುತ್ತೇವೆ. ಹೊಸ ನೋಟುಗಳಾದರಂತೂ ಎರಡು ಒಂದಕ್ಕೊಂದು ಅಂಟಿಕೊಂಡು ಲೆಕ್ಕ ತಪ್ಪುತ್ತದೆ. ಆಗ ಬೆರಳು ಅನುಮಾನಪಡುತ್ತದೆ. ಹಾಳೆ ಕೊಂಚ ದಪ್ಪವಾಗಿ ತೋರಿದೊಡನೆ ಉಜ್ಜಿ ನೋಡಿ ಬಿಡಿಸುತ್ತದೆ. ಹಿಂದಿನ ಮುದ್ರಣವೆಲ್ಲವೂ ಇಂತಹ ಬೆರಳುಗಳನ್ನೇ ನಂಬಿತ್ತು. 1843ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಶನ್ನಿನವರು ‘ಮಂಗಳೂರ ಸಮಾಚಾರ’ ಪತ್ರಿಕೆಯನ್ನು ಕಲ್ಲಚ್ಚಿನಲ್ಲಿ ಮುದ್ರಿಸಿದಾಗ, ಕಲ್ಲಿನ ಮೇಲೆ ಒಂದೊಂದು ಹಾಳೆಯನ್ನೂ ಕೈಯಿಂದಲೇ ಇಡಬೇಕಾಗಿತ್ತು. ಅದಕ್ಕೂ ಮೊದಲು, 1814ರಲ್ಲಿ, ಲಂಡನ್ನಿನ ‘ಟೈಮ್ಸ್’ ಪತ್ರಿಕೆಗಾಗಿ ಕೋನಿಗ್ ಎಂಬಾತನು ರಚಿಸಿದ ಉಗಿಯಂತ್ರವು ಗಂಟೆಗೆ 1,100 ಹಾಳೆಗಳನ್ನು ಅಚ್ಚುಹಾಕುತ್ತಿತ್ತು. ಅಚ್ಚು ಒತ್ತುವ ಕೆಲಸ ಉಗಿಯದಾಯಿತು. ಆದರೆ ಹಾಳೆಯನ್ನು ಉಣಿಸುವ ಕೆಲಸ ಮನುಷ್ಯನ ಕೈಯಲ್ಲಿಯೇ ಉಳಿಯಿತು. ನಮ್ಮ ಊರುಗಳ ಅಚ್ಚುಕೂಟಗಳಲ್ಲಿದ್ದ ಟ್ರೆಡಲ್ ಯಂತ್ರದ ಮುಂದೆ ನಿಂತವರೂ ಒಂದು ಕೈಯಿಂದ ಹಾಳೆಯಿಟ್ಟು ಇನ್ನೊಂದು ಕೈಯಿಂದ ತೆಗೆಯುತ್ತ ದಿನವಿಡೀ ದುಡಿಯುತ್ತಿದ್ದರು.

ಕಾಗದವು ಹೀಗೆ ಹಟ ಹಿಡಿಯುವುದೇಕೆ? ಕಾರಣ ಒಂದಲ್ಲ, ಹಲವು. ಕಾಗದವೆಂಬುದು ಸಸ್ಯದ ನಾರುಗಳ ಹೆಣಿಗೆ. ಕಟ್ಟನ್ನು ಕತ್ತರಿಸುವಾಗ ಅಂಚಿನಲ್ಲಿ ಎದ್ದ ಸೂಕ್ಷ್ಮ ನಾರುಗಳು ನೆರೆಯ ಹಾಳೆಯೊಡನೆ ತೊಡರಿಕೊಳ್ಳುತ್ತವೆ. ಒತ್ತಾಗಿ ಕುಳಿತ ಹಾಳೆಗಳ ನಡುವೆ ಗಾಳಿಯಿರುವುದಿಲ್ಲ. ಒಂದನ್ನು ಥಟ್ಟನೆ ಎತ್ತಿದರೆ ಗಾಳಿ ನುಗ್ಗುವ ಮೊದಲೇ ಕೆಳಗಿನದು ಅದರ ಬೆನ್ನುಹತ್ತುತ್ತದೆ. ಇವೆರಡರ ಮೇಲೆ ಹವೆಯ ಆಟವೂ ಇದೆ. ಬೇಸಿಗೆಯಲ್ಲಿ ಯಾದಗಿರಿಯ ಕಡೆ ಬಿಸಿಲು 40 ಡಿಗ್ರಿ ಸೆಲ್ಸಿಯಸ್ಸನ್ನು ದಾಟುತ್ತದೆ, ಗಾಳಿ ಒಣಗಿರುತ್ತದೆ. ಒಣಗಿದ ಹಾಳೆಗಳು ಒಂದರ ಮೇಲೊಂದು ಜಾರಿದಾಗ ಸ್ಥಿರವಿದ್ಯುತ್ತು ಹುಟ್ಟಿ ಅವು ಪರಸ್ಪರ ಸೆಳೆಯಲ್ಪಡುತ್ತವೆ. ಮಳೆಗಾಲದಲ್ಲಿ ನಾರುಗಳು ತೇವವನ್ನು ಹೀರಿ ಉಬ್ಬುತ್ತವೆ. ಹಾಳೆ ಮೆತ್ತಗಾಗಿ ಡೊಂಕಾಗುತ್ತದೆ. ಆದುದರಿಂದ ಒಂದೇ ಕಚೇರಿಯ ಒಂದೇ ಯಂತ್ರವು ಮೇ ತಿಂಗಳಲ್ಲಿ ಒಂದು ಬಗೆಯಾಗಿಯೂ ಆಗಸ್ಟಿನಲ್ಲಿ ಇನ್ನೊಂದು ಬಗೆಯಾಗಿಯೂ ನಡೆದುಕೊಂಡರೆ ಆಶ್ಚರ್ಯವೇನೂ ಇಲ್ಲ.

ಈಗ ನಾವೇ ಒಂದು ಯಂತ್ರವನ್ನು ಕಲ್ಪಿಸೋಣ. ಕಾಗದದ ಕಟ್ಟಿನ ಮೇಲೆ ರಬ್ಬರಿನ ಒಂದು ಉರುಳೆಯನ್ನು, ಎಂದರೆ ರೋಲರನ್ನು, ಒತ್ತಿ ತಿರುಗಿಸಿದರೆ ಮೇಲಿನ ಹಾಳೆ ಮುಂದಕ್ಕೆ ಸರಿಯಬೇಕಷ್ಟೆ? ಲೆಕ್ಕ ಹಾಕಿ ನೋಡೋಣ. ಉರುಳೆಯು 200 ಗ್ರಾಂ ತೂಕದಷ್ಟು ಬಲದಿಂದ ಒತ್ತುತ್ತಿರಲಿ. ರಬ್ಬರಿಗೂ ಕಾಗದಕ್ಕೂ ನಡುವಣ ಘರ್ಷಣಾಂಕವು 1 ಎಂದೂ, ಕಾಗದಕ್ಕೂ ಕಾಗದಕ್ಕೂ ನಡುವೆ 0.5 ಎಂದೂ ಹಿಡಿಯೋಣ. ಉರುಳೆಯು ಮೊದಲ ಹಾಳೆಯನ್ನು 200 ಗ್ರಾಂವರೆಗಿನ ಬಲದಿಂದ ಎಳೆಯಬಲ್ಲುದು. ಎರಡನೆಯ ಹಾಳೆಯು ಅದನ್ನು ಹಿಡಿದು ನಿಲ್ಲಿಸುವ ಬಲವು ಸುಮಾರು 100 ಗ್ರಾಂ ಮಾತ್ರ. ಆದುದರಿಂದ ಮೊದಲನೆಯದು ಹೊರಡುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿ.

ಆದರೆ ಎರಡನೆಯ ಹಾಳೆಯ ಗತಿಯೇನು? 80 ಗ್ರಾಂ ಕಾಗದವೆಂದು ಅಂಗಡಿಯಲ್ಲಿ ಕೊಳ್ಳುವ ಎ4 ಹಾಳೆಯ ತೂಕ ಹತ್ತಿರ ಹತ್ತಿರ 5 ಗ್ರಾಂ. ಒಂದು ಚದರ ಮೀಟರು ಕಾಗದದ ತೂಕ 80 ಗ್ರಾಂ. ಎ4 ಹಾಳೆಯು ಅದರ ಹದಿನಾರರಲ್ಲಿ ಒಂದು ಭಾಗ. ಎರಡನೆಯ ಹಾಳೆಯ ಮೇಲಿನ ಒತ್ತಡ 200 ಮತ್ತು 5, ಒಟ್ಟು 205 ಗ್ರಾಂ. ಅದರ ಅರ್ಧ, ಎಂದರೆ 102.5 ಗ್ರಾಂ ಬಲದಿಂದ ಮೊದಲ ಹಾಳೆಯು ಅದನ್ನು ಮುಂದಕ್ಕೆಳೆಯುತ್ತದೆ. ಅದರ ಕೆಳಗಿನ ಒತ್ತಡ 210 ಗ್ರಾಂ. ಮೂರನೆಯ ಹಾಳೆಯು 105 ಗ್ರಾಂವರೆಗಿನ ಬಲದಿಂದ ಅದನ್ನು ಹಿಂದಕ್ಕೆ ಹಿಡಿಯಬಲ್ಲುದು. ವ್ಯತ್ಯಾಸ ಬರೀ ಎರಡೂವರೆ ಗ್ರಾಂ! ಒಂದು ಹಾಳೆಯ ಅರ್ಧದಷ್ಟು ತೂಕವೇ ಈ ಎರಡನೆಯ ಹಾಳೆಯನ್ನು ಕಾಯುತ್ತಿರುವ ಕಾವಲು. ಅಂಚಿನಲ್ಲಿ ನಾಲ್ಕು ನಾರು ತೊಡರಿದರೂ ಸಾಕು, ಕಾವಲು ಮುರಿದು ಎರಡು ಹಾಳೆಗಳು ಜೊತೆಯಾಗಿ ಹೊರಟುಬಿಡುತ್ತವೆ. ಉರುಳೆಯನ್ನು ಇನ್ನೂ ಬಲವಾಗಿ ಒತ್ತೋಣವೆಂದರೆ, ಎಳೆತವೂ ಹಿಡಿತವೂ ಒಂದೇ ಪ್ರಮಾಣದಲ್ಲಿ ಹೆಚ್ಚುತ್ತವೆಯೇ ಹೊರತು ಆ ಎರಡೂವರೆ ಗ್ರಾಂ ಹಾಗೆಯೇ ಉಳಿಯುತ್ತದೆ.

ಇಲ್ಲಿಯೇ ಈ ವಿದ್ಯೆಯ ಮರ್ಮವಿದೆ. ಮೇಲಿನ ಹಾಳೆಯನ್ನು ಎಳೆಯುವುದು ಸುಲಭ. ಕೆಳಗಿನದನ್ನು ತಡೆಯುವುದೇ ಕಷ್ಟ. ಆದುದರಿಂದ ಶಿಲ್ಪಿಯು ಎಳೆಯುವ ಅಂಗದ ಜೊತೆಗೆ ತಡೆಯುವ ಅಂಗವೊಂದನ್ನು ಸೇರಿಸುತ್ತಾನೆ. ಹಾಳೆ ಹೊರಡುವ ಬಾಯಿಯಲ್ಲಿ, ಉರುಳೆಯ ಕೆಳಗೆ, ರಬ್ಬರಿನಂಥ ವಸ್ತುವಿನ ಒಂದು ತುಂಡನ್ನು ಅಲುಗಾಡದಂತೆ ಕೂರಿಸಿ, ಅದು ಉರುಳೆಗೆ ಒತ್ತಿಕೊಂಡಿರುವಂತೆ ಕೆಳಗೊಂದು ಸ್ಪ್ರಿಂಗನ್ನಿಡುತ್ತಾನೆ. ಇದನ್ನು ನಾವು ತಡೆಪಟ್ಟಿ ಎಂದು ಕರೆಯೋಣ. ಇದಕ್ಕೂ ಕಾಗದಕ್ಕೂ ನಡುವಣ ಘರ್ಷಣಾಂಕ 0.8 ಇರಲಿ. ಬಾಯಿಗೆ ಒಂದೇ ಹಾಳೆ ಬಂದರೆ ಉರುಳೆಯ ಎಳೆತ 200, ಪಟ್ಟಿಯ ತಡೆ 160, ಹಾಳೆ ಹೋಗುತ್ತದೆ. ಎರಡು ಬಂದರೆ ಮೇಲಿನದು ಕೆಳಗಿನದನ್ನು ಎಳೆಯುವ ಬಲ 100, ಪಟ್ಟಿಯು ತಡೆಯುವ ಬಲ 160. ಮೇಲಿನದು ಹೋಗುತ್ತದೆ, ಕೆಳಗಿನದು ನಿಲ್ಲುತ್ತದೆ. ಎರಡೂವರೆ ಗ್ರಾಂ ಇದ್ದ ಕಾವಲು ಈಗ 60 ಗ್ರಾಂ ಆಯಿತು! ಉರುಳೆಯ ಹಿಡಿತವು ಪಟ್ಟಿಗಿಂತ ಹೆಚ್ಚು, ಪಟ್ಟಿಯ ಹಿಡಿತವು ಕಾಗದಕ್ಕಿಂತ ಹೆಚ್ಚು: ಈ ಕ್ರಮ ತಪ್ಪದಿರುವವರೆಗೆ ಯಂತ್ರವೂ ತಪ್ಪುವುದಿಲ್ಲ. ಕಾಗದದ ಧೂಳು ಕೂತು ಉರುಳೆ ನುಣುಪಾದರೆ ಹಾಳೆ ಹೊರಡುವುದೇ ಇಲ್ಲ. ಪಟ್ಟಿ ಸವೆದರೆ ಜೋಡಿ ಹಾಳೆ ಹೊರಡುತ್ತದೆ. ಯಂತ್ರ ಕೆಟ್ಟಿತೆಂದು ನಾವು ಗೊಣಗುವಾಗ ಅನೇಕ ವೇಳೆ ಉರುಳೆಯನ್ನು ಒದ್ದೆ ಬಟ್ಟೆಯಿಂದ ಒರೆಸುವುದಷ್ಟೇ ಆಗಬೇಕಾದ ಕೆಲಸ.

ಹೆಚ್ಚು ವೇಗದ ಯಂತ್ರಗಳಲ್ಲಿ ಪಟ್ಟಿಯ ಬದಲು ಇನ್ನೊಂದು ಉರುಳೆಯೇ ಹಿಮ್ಮುಖವಾಗಿ ತಿರುಗಲು ಹವಣಿಸುತ್ತ, ಜೊತೆಗೆ ಬಂದ ಎರಡನೆಯ ಹಾಳೆಯನ್ನು ಹಿಂದಕ್ಕೆ ತಳ್ಳುತ್ತದೆ. ಆಫ್‌ಸೆಟ್ ಮುದ್ರಣದ ದೊಡ್ಡ ಯಂತ್ರಗಳಲ್ಲಿ ಘರ್ಷಣೆಯನ್ನು ಬಿಟ್ಟು ಗಾಳಿಯನ್ನೇ ದುಡಿಸಿಕೊಳ್ಳುತ್ತಾರೆ. ಕಟ್ಟಿನ ಅಂಚಿಗೆ ಗಾಳಿಯನ್ನು ಊದಿ ಹಾಳೆಗಳನ್ನು ಸಡಿಲಿಸುತ್ತಾರೆ. ಬಳಿಕ ಗಾಳಿಯನ್ನು ಹೀರುವ ರಬ್ಬರಿನ ಬಟ್ಟಲುಗಳು ಮೇಲಿನ ಹಾಳೆಯನ್ನು ಕಚ್ಚಿ ಎತ್ತುತ್ತವೆ.

ಇಷ್ಟೆಲ್ಲ ಶ್ರಮವೇಕೆ, ಎರಡು ಹಾಳೆ ಒಟ್ಟಿಗೆ ಬಂದರೆ ನಷ್ಟವೇನು ಎಂದು ಓದುಗರು ಕೇಳಬಹುದು. ಮುದ್ರಿಸುವಾಗ ನಷ್ಟ ಅಲ್ಪ. ಬಿಳಿಯ ಹಾಳೆಯೊಂದು ವ್ಯರ್ಥವಾಗಿ ಹೊರಬರುತ್ತದೆ, ಕಣ್ಣಿಗೂ ಬೀಳುತ್ತದೆ. ಆದರೆ ಹಾಳೆಯನ್ನು ಓದಿ ಚಿತ್ರವಾಗಿ ಉಳಿಸಿಕೊಳ್ಳುವ ಸ್ಕ್ಯಾನರಿನ ಸಂಗತಿ ಬೇರೆ. ಕರ್ನಾಟಕದ ‘ಭೂಮಿ’ ಯೋಜನೆಯಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಯಂತ್ರವನ್ನು ಸೇರಿದವು. 2024ರಲ್ಲಿ ಆರಂಭವಾದ ‘ಭೂ ಸುರಕ್ಷಾ’ ಯೋಜನೆಯು ತಾಲ್ಲೂಕು ಕಚೇರಿಗಳ ಹಳೆಯ ಕಡತಗಳನ್ನು ಸ್ಕ್ಯಾನ್ ಮಾಡಿಸುವ ಕೆಲಸವನ್ನು ಕೈಗೊಂಡಿತು. ಇಂತಹ ಕೆಲಸದಲ್ಲಿ ಎರಡು ಹಾಳೆ ಅಂಟಿಕೊಂಡು ಹೋದರೆ ಯಾವ ಸದ್ದೂ ಆಗುವುದಿಲ್ಲ, ಯಂತ್ರ ನಿಲ್ಲುವುದೂ ಇಲ್ಲ. ಮರೆಯಾದ ಪುಟವು ಚಿತ್ರವಾಗದೆ ಉಳಿಯುತ್ತದೆ. ಅದು ಕಳೆದ ಸಂಗತಿಯು, ಯಾವನೋ ರೈತನ ಮಗನು ತನ್ನ ತಾತನ ಹೆಸರನ್ನು ಹುಡುಕಿ ಬಂದ ದಿನವೇ ತಿಳಿಯಬೇಕು.

ಆದುದರಿಂದ ತಡೆದರಷ್ಟೇ ಸಾಲದು, ಪರೀಕ್ಷಿಸಲೂಬೇಕು. ಅನೇಕ ಸ್ಕ್ಯಾನರುಗಳಲ್ಲಿ ಇದಕ್ಕಾಗಿ ಕಿವಿಗೆ ಕೇಳಿಸದ ಧ್ವನಿಯನ್ನು ಬಳಸುತ್ತಾರೆ. ಹಾಳೆಯ ಒಂದು ಬದಿಯಿಂದ ಶ್ರವಣಾತೀತ ಧ್ವನಿಯನ್ನು ಹೊರಡಿಸಿ ಇನ್ನೊಂದು ಬದಿಯಲ್ಲಿ ಆಲಿಸುತ್ತಾರೆ. ಒಂದು ಹಾಳೆಯನ್ನು ದಾಟಿ ಧ್ವನಿಯ ಒಂದಂಶ ಬರುತ್ತದೆ. ಎರಡು ಹಾಳೆಗಳಿದ್ದರೆ ನಡುವೆ ತೆಳುವಾದ ಗಾಳಿಯ ಪದರವಿರುತ್ತದೆ. ಅಲ್ಲಿ ಧ್ವನಿಯು ಮತ್ತೆ ಪ್ರತಿಫಲಿಸಿ ಬಹುಮಟ್ಟಿಗೆ ಕುಗ್ಗುತ್ತದೆ. ಧ್ವನಿ ಕುಗ್ಗಿದೊಡನೆ ಯಂತ್ರವು ನಿಂತು ಕೂಗಿಕೊಳ್ಳುತ್ತದೆ. ನೋಟು ಎಣಿಸುವ ಬೆರಳಿನ ಅನುಮಾನವನ್ನು ಯಂತ್ರಕ್ಕೂ ಕಲಿಸಿದಂತಾಯಿತು. ಆದರೂ ಹುಳು ತಿಂದ, ಅಂಚು ಹರಿದ ಹಳೆಯ ಹಾಳೆಗಳನ್ನು ಉರುಳೆಯ ಬಾಯಿಗೆ ಕೊಡಬಾರದು. ಅವನ್ನು ಇಂದಿಗೂ ಕೈಯಿಂದಲೇ ಒಂದೊಂದಾಗಿ ಮಲಗಿಸುವುದು ಲೇಸು.

ವಿದ್ಯಾರ್ಥಿಗಳು ಈ ತತ್ತ್ವವನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಹತ್ತು ಬಿಡಿ ಹಾಳೆಗಳನ್ನು ಮೇಜಿನ ಮೇಲೆ ಸಮವಾಗಿ ಜೋಡಿಸಿ, ಅಳಿಸುವ ರಬ್ಬರಿನಿಂದ ಮೇಲಿನ ಹಾಳೆಯನ್ನು ಒತ್ತಿ ಸರಿಸಿರಿ. ಇಪ್ಪತ್ತು ಸಲದಲ್ಲಿ ಎಷ್ಟು ಸಲ ಜೋಡಿ ಹಾಳೆ ಬಂದಿತೆಂದು ಬರೆದಿಟ್ಟುಕೊಳ್ಳಿರಿ. ಅನಂತರ ಹಾಳೆಗಳ ಅಂಚನ್ನು ಬೀಸಣಿಗೆಯಂತೆ ಬಿಡಿಸಿ, ಗಾಳಿಯಾಡಿಸಿ, ಮತ್ತೆ ಎಣಿಸಿರಿ. ಕೊನೆಗೆ ಇನ್ನೊಂದು ರಬ್ಬರನ್ನು ಮೇಜಿನ ಅಂಚಿಗೆ ಅಂಟಿಸಿ, ಹಾಳೆಯನ್ನು ಎರಡು ರಬ್ಬರುಗಳ ನಡುವೆ ಎಳೆದು ನೋಡಿರಿ. ಮೂರು ಎಣಿಕೆಗಳನ್ನು ಹೋಲಿಸಿದರೆ, ತಡೆಯುವ ಕೈಯ ಮಹತ್ತ್ವ ತಾನಾಗಿಯೇ ಮನದಟ್ಟಾಗುವುದು.