ನಿಂತ ಕಾರು ಬಿಡುವ ಆವಿ

ಹಳೆಯ ಕಾರಿನ ಎಂಜಿನ್ ಕೆಳಗಿಳಿಸಿ ಬೇರೆಯದನ್ನು ಕೂರಿಸುವವರು ಮಾಲಿನ್ಯದ ಮಾತು ಬಂದಾಗ ನೋಡುವುದು ಸೈಲೆನ್ಸರ್ ಕಡೆಗೆ. ಕೆಟಲಿಟಿಕ್ ಕನ್ವರ್ಟರ್ ಇದೆಯೇ, ಆಕ್ಸಿಜನ್ ಸೆನ್ಸರ್ ಸರಿಯಿದೆಯೇ ಎಂಬಲ್ಲಿಗೆ ಚರ್ಚೆ ಮುಗಿಯುತ್ತದೆ. ಬಾನೆಟ್ಟಿನ ಮೂಲೆಯಲ್ಲೋ ಹಿಂದಿನ ಟ್ಯಾಂಕಿನ ಪಕ್ಕದಲ್ಲೋ ಇರುವ, ಎರಡು ಮೂರು ರಬ್ಬರ್ ಪೈಪು ಸಿಕ್ಕಿಸಿಕೊಂಡ ಕಪ್ಪು ಡಬ್ಬಿಯನ್ನು ಕೇಳುವವರಿಲ್ಲ. ಎಂಜಿನ್ ಬದಲಾಯಿಸುವಾಗ ಮೊದಲು ಮೂಲೆಗೆ ಬೀಳುವ ವಸ್ತುವೂ ಅದೇ. ಅದರೊಳಗೆ ಇರುವುದು ಇದ್ದಿಲು. ಪೆಟ್ರೋಲ್ ಟ್ಯಾಂಕಿನಿಂದ ಏಳುವ ಆವಿಯನ್ನು ಹಿಡಿದಿಟ್ಟು, ಎಂಜಿನ್ ಓಡುವಾಗ ಅದಕ್ಕೇ ಉಣಿಸುವುದು ಅದರ ಕೆಲಸ. ಎಂಜಿನ್ ಬದಲಾದರೂ ಈ ವ್ಯವಸ್ಥೆ ಇಡಿಯಾಗಿ ಕಾರಿನಲ್ಲಿ ಉಳಿಯಬೇಕು ಎಂದು ಅಮೆರಿಕದ, ಅದರಲ್ಲೂ ಕ್ಯಾಲಿಫೋರ್ನಿಯಾದ ನಿಯಮ ಹಟ ಹಿಡಿಯುತ್ತದೆ. ಹಲವರಿಗೆ ಇದು ಕಾಗದಪತ್ರದ ಕಿರುಕುಳದಂತೆ ಕಾಣುತ್ತದೆ. ಆದರೆ ಆ ಡಬ್ಬಿ ಕಾರಿಗೆ ಬಂದ ದಾರಿಯನ್ನು ಹಿಂಬಾಲಿಸಿದರೆ ಆ ಹಟ ನ್ಯಾಯವಾದದ್ದೆಂದು ಒಪ್ಪಲೇಬೇಕಾಗುತ್ತದೆ.

1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರದ ಮೇಲೆ ಕಣ್ಣು ಉರಿಸುವ ಕಂದು ಮಬ್ಬು ಕವಿಯಿತು. ಯುದ್ಧದ ಕಾಲ, ಶತ್ರುಗಳು ವಿಷಾನಿಲ ಬಿಟ್ಟಿದ್ದಾರೆಂದು ಹೆದರಿದವರೂ ಇದ್ದರು. ಬಳಿಕ ಗುಮಾನಿ ನಗರದ ಮಧ್ಯದಲ್ಲಿದ್ದ ಕೃತಕ ರಬ್ಬರ್ ಕಚ್ಚಾವಸ್ತುವಿನ ಕಾರ್ಖಾನೆಯ ಮೇಲೆ ತಿರುಗಿತು. ಅದನ್ನು ಹದ್ದುಬಸ್ತಿಗೆ ತಂದರೂ ಮಬ್ಬು ಕರಗಲಿಲ್ಲ. ಒಗಟು ಬಿಡಿಸಿದವರು ಕ್ಯಾಲ್ಟೆಕ್ ಸಂಸ್ಥೆಯ ರಸಾಯನಶಾಸ್ತ್ರಜ್ಞ ಆರಿ ಹಾಗನ್-ಸ್ಮಿಟ್. ನೆದರ್‌ಲೆಂಡ್ಸ್ ಮೂಲದ ಅವರು ಅದುವರೆಗೆ ಅನಾನಸಿನ ಪರಿಮಳ ಯಾವ ರಾಸಾಯನಿಕಗಳಿಂದ ಬರುತ್ತದೆಂದು ಹುಡುಕುತ್ತಿದ್ದವರು. ಹಣ್ಣಿನ ವಾಸನೆಗೆ ಬಳಸಿದ ವಿಧಾನದಲ್ಲೇ ನಗರದ ಗಾಳಿಯನ್ನು ತಣಿಸಿ, ಅದರಿಂದ ಇಳಿದ ಹನಿಗಳನ್ನು ಪರೀಕ್ಷಿಸಿದರು. ಪೆಟ್ರೋಲಿನ ಹೈಡ್ರೊಕಾರ್ಬನ್‌ಗಳೂ ನೈಟ್ರೋಜನ್ ಆಕ್ಸೈಡುಗಳೂ ಬಿಸಿಲಿನಲ್ಲಿ ಸೇರಿ ಓಝೋನ್ ಹುಟ್ಟುತ್ತದೆ ಎಂದು 1950ರ ದಶಕದ ಆರಂಭದಲ್ಲಿ ತೋರಿಸಿಕೊಟ್ಟರು. ತೈಲ ಉದ್ಯಮದ ಹಣದಿಂದ ನಡೆದ ಸಂಶೋಧನೆ ಈ ವಾದವನ್ನು ಪ್ರಶ್ನಿಸಿತು. ಅವರು ಇನ್ನಷ್ಟು ಪ್ರಯೋಗಗಳಿಂದ ಉತ್ತರ ಕೊಟ್ಟರು. ನನ್ನ ಮಟ್ಟಿಗೆ ಇಡೀ ಕಥೆಯ ತಿರುವು ಇಲ್ಲಿದೆ. ಮಬ್ಬಿಗೆ ಕಾರಣ ಕಪ್ಪು ಹೊಗೆಯಾಗಿದ್ದರೆ ಹೊಗೆ ಕೊಳವೆಯನ್ನು ಸರಿಪಡಿಸಿದರೆ ಸಾಕಿತ್ತು. ಕಾರಣ ಹೈಡ್ರೊಕಾರ್ಬನ್ ಎಂದಾದ ಮೇಲೆ, ಸುಡದೆ ಹಾರಿಹೋಗುವ ಪೆಟ್ರೋಲೂ ಅಪರಾಧಿಯೇ ಆಯಿತು.

ಹಾಗೆ ಹಾರಿಹೋಗುತ್ತಿದ್ದುದು ಅಲ್ಪಸ್ವಲ್ಪವಲ್ಲ. ಯಾವ ನಿಯಂತ್ರಣವೂ ಇಲ್ಲದ ಆ ಕಾಲದ ಕಾರಿನ ಹೈಡ್ರೊಕಾರ್ಬನ್‌ನಲ್ಲಿ ನೂರಕ್ಕೆ ಸುಮಾರು 60 ಪಾಲು ಸೈಲೆನ್ಸರಿನಿಂದ, 20 ಪಾಲು ಎಂಜಿನ್ನಿನ ಕ್ರ್ಯಾಂಕ್‌ಕೇಸಿನಿಂದ, ಉಳಿದ 20 ಪಾಲು ಟ್ಯಾಂಕು ಮತ್ತು ಕಾರ್ಬುರೇಟರಿನಿಂದ ಆವಿಯಾಗಿ ಬರುತ್ತಿತ್ತು. ಕ್ರ್ಯಾಂಕ್‌ಕೇಸಿನ ಅನಿಲವನ್ನು ಎಂಜಿನ್ನಿಗೇ ತಿರುಗಿಸುವ ವಾಲ್ವು 1961ರ ಮಾದರಿಗಳಿಂದಲೇ ಕ್ಯಾಲಿಫೋರ್ನಿಯಾಕ್ಕೆ ಬಂತು. ಆವಿಯ ಸರದಿ ಬಂದದ್ದು ಕೊನೆಗೆ: ಕ್ಯಾಲಿಫೋರ್ನಿಯಾದಲ್ಲಿ 1970ರ ಮಾದರಿಗಳಿಗೆ, ಮರುವರ್ಷ ಇಡೀ ಅಮೆರಿಕಕ್ಕೆ. ಮೊದಲು ಎರಡು ಉಪಾಯಗಳು ಪಕ್ಕಪಕ್ಕದಲ್ಲೇ ನಡೆದವು. ಕ್ರೈಸ್ಲರ್, ಡ್ಯಾಟ್ಸನ್ ಕಾರುಗಳು ಟ್ಯಾಂಕಿನ ಆವಿಯನ್ನು ಎಂಜಿನ್ನಿನ ಕ್ರ್ಯಾಂಕ್‌ಕೇಸಿನ ಖಾಲಿ ಜಾಗದಲ್ಲೇ ತುಂಬಿಡುತ್ತಿದ್ದವು. ಜನರಲ್ ಮೋಟರ್ಸ್ ಇದ್ದಿಲ ಡಬ್ಬಿಯನ್ನು ನೆಚ್ಚಿತು. ಒಂದು ಗ್ರಾಂ ಸಕ್ರಿಯ ಇದ್ದಿಲಿನ ಒಳರಂಧ್ರಗಳ ಮೈಯನ್ನೆಲ್ಲ ಹರಡಿದರೆ ಸಾವಿರ ಚದರ ಮೀಟರಿನಷ್ಟಾಗುತ್ತದೆ. ಆವಿಯ ಕಣಗಳು ಅಲ್ಲಿ ಅಂಟಿಕೊಳ್ಳುತ್ತವೆ, ಹೊಸ ಗಾಳಿ ಹಾಯಿಸಿದರೆ ಬಿಟ್ಟುಬಿಡುತ್ತವೆ. ಗೆದ್ದದ್ದು ಇದ್ದಿಲೇ. ಆದರೆ ಸೋತ ಉಪಾಯವೂ ಒಂದು ಸತ್ಯವನ್ನು ಎತ್ತಿ ತೋರಿಸುತ್ತದೆ. ಅಂಥ ಕಾರಿನ ಎಂಜಿನ್ ಕಿತ್ತರೆ ಆವಿಯ ಗೋದಾಮನ್ನೇ ಕಿತ್ತಂತಾಗುತ್ತಿತ್ತು. ಡಬ್ಬಿ ಬಂದ ಮೇಲೆ ಗೋದಾಮು ಬೇರೆಯಾಯಿತು, ನಿಜ. ಅದನ್ನು ಖಾಲಿ ಮಾಡುವ ಹೊಣೆ ಮಾತ್ರ ಎಂಜಿನ್ನಿನದೇ ಆಗಿ ಉಳಿಯಿತು. ಈ ವ್ಯವಸ್ಥೆಯ ಒಂದು ತುದಿ ಟ್ಯಾಂಕಿನಲ್ಲಿ, ಇನ್ನೊಂದು ಇನ್‌ಟೇಕ್ ಮ್ಯಾನಿಫೋಲ್ಡಿನಲ್ಲಿ. ಒಂದು ಕಡೆ ಕಡಿದರೂ ಎರಡೂ ಕಡೆ ಕೆಡುತ್ತದೆ.

ಅಳತೆಯ ಕ್ರಮ ಬದಲಾದದ್ದು ಇದಕ್ಕೆ ಒಳ್ಳೆಯ ಸಾಕ್ಷಿ. ಮೊದಮೊದಲು ಆವಿ ಸೋರಬಹುದಾದ ಬಾಯಿಗಳಿಗೆ ಇದ್ದಿಲ ಬಲೆ ಕಟ್ಟಿ, ಅದರ ತೂಕ ಎಷ್ಟು ಏರಿತೆಂದು ನೋಡುತ್ತಿದ್ದರು. ನಿರೀಕ್ಷಿಸಿದ ಕಡೆ ಸೋರಿದ್ದು ಸಿಗುತ್ತಿತ್ತು, ಉಳಿದದ್ದು ಲೆಕ್ಕ ತಪ್ಪುತ್ತಿತ್ತು. 1978ರ ಮಾದರಿಗಳಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ ಇಡೀ ಕಾರನ್ನೇ ಗಾಳಿಯಾಡದ ಕೋಣೆಯಲ್ಲಿ ನಿಲ್ಲಿಸಿ ಅಳೆಯುವ ಪರೀಕ್ಷೆ ತಂದಿತು. ಎಂಜಿನ್ ಆಫ್, ಟ್ಯಾಂಕನ್ನು ಬೆಳಗಿನಿಂದ ಮಧ್ಯಾಹ್ನಕ್ಕೆ ಬಿಸಿಲೇರುವಂತೆ ನಿಧಾನಕ್ಕೆ ಬಿಸಿ ಮಾಡುತ್ತಿದ್ದರು. ಓಡಿಸಿ ತಂದು ನಿಲ್ಲಿಸಿದ ಬಿಸಿ ಎಂಜಿನ್ನಿನ ಕಾರನ್ನೂ ಹಾಗೆಯೇ ಕೂಡಿಹಾಕಿ ನೋಡುತ್ತಿದ್ದರು. ಮಿತಿ ಮೊದಲು ಒಂದು ಪರೀಕ್ಷೆಗೆ 6 ಗ್ರಾಂ ಇತ್ತು, 1981ಕ್ಕೆ 2 ಗ್ರಾಂಗೆ ಇಳಿಯಿತು. ಆ ಕೋಣೆಯಲ್ಲಿ ಪಾಸಾಗಬೇಕಾದದ್ದು ಎಂಜಿನ್ ಅಲ್ಲ, ಟ್ಯಾಂಕಲ್ಲ, ಇಡೀ ಕಾರು. ಎಂಜಿನ್ ಬದಲಾವಣೆಯ ನಿಯಮ ಬೆಳೆದದ್ದು ಈ ತರ್ಕದಿಂದಲೇ. ಬದಲಾಯಿಸಿದ ಕಾರು, ಅದೇ ವರ್ಷದ ಇಲ್ಲವೇ ಹೊಸ ವರ್ಷದ, ಪ್ರಮಾಣಪತ್ರ ಪಡೆದ ಯಾವುದಾದರೂ ಒಂದು ಜೋಡಣೆಗೆ ಹೊಂದಬೇಕು ಎನ್ನುತ್ತದೆ ಅಮೆರಿಕದ ಕೇಂದ್ರ ಸರ್ಕಾರದ ನೀತಿ. ಕ್ಯಾಲಿಫೋರ್ನಿಯಾದಲ್ಲಿ ಎಂಜಿನ್ ಜೊತೆ ಅದರ ನಿಯಂತ್ರಣ ಸಾಧನಗಳೆಲ್ಲ ಬರಬೇಕು. ರೆಫರಿ ಎಂದು ಕರೆಯುವ ತಪಾಸಣಾ ಕೇಂದ್ರ ನೋಡಿ ಒಪ್ಪಿದರೆ ಬಾಗಿಲ ಚೌಕಟ್ಟಿಗೆ ಲೇಬಲ್ ಅಂಟಿಸುತ್ತಾರೆ.

ಬೇರೆ ಎಂಜಿನ್ ಕೂರಿಸುವಾಗ ಸಮಸ್ಯೆ ಎಲ್ಲಿ ಬರುತ್ತದೆಂದು ಹತ್ತಿರದಿಂದ ನೋಡೋಣ. ಎಪ್ಪತ್ತರ ದಶಕದ ಕಾರಿಗೆ ಇಂದಿನ ಫ್ಯೂಯಲ್ ಇಂಜೆಕ್ಷನ್ ವಿ-8 ಬಂದಿದೆ ಎಂದುಕೊಳ್ಳಿ. ಕಾರ್ಬುರೇಟರ್ ಹೋದದ್ದರಿಂದ ಅದರ ಬೋಗುಣಿಯಿಂದ ಕುದಿದು ಹೋಗುತ್ತಿದ್ದ ಆವಿ ನಿಂತಿತು, ಅದು ಲಾಭವೇ. ಆದರೆ ಇಂಜೆಕ್ಟರಿಗೆ ಬೇಡವಾದ ಪೆಟ್ರೋಲು ಎಂಜಿನ್ನಿನ ಶಾಖ ಹೊತ್ತು ರಿಟರ್ನ್ ಪೈಪಿನಲ್ಲಿ ಟ್ಯಾಂಕಿಗೆ ಮರಳಿದರೆ ಟ್ಯಾಂಕು ಮೊದಲಿಗಿಂತ ಹೆಚ್ಚು ಬಿಸಿಯಾಗುತ್ತದೆ. ಅಂದರೆ ಹೊಸ ಎಂಜಿನ್ ಬಂದಮೇಲೆ ಡಬ್ಬಿಯ ಅಗತ್ಯ ಹೆಚ್ಚುತ್ತದೆ. ಡಬ್ಬಿಯ ಇದ್ದಿಲು ಟ್ಯಾಂಕಿನ ಅಳತೆಗೆ ತಕ್ಕಷ್ಟಿರಬೇಕು. ದ್ರವ ಪೆಟ್ರೋಲು ಒಳಕ್ಕೆ ನುಗ್ಗಿದರೆ ಇದ್ದಿಲು ಹಾಳು. ಅದಕ್ಕೇ ಟ್ಯಾಂಕಿನ ತಲೆಯಲ್ಲಿ ದ್ರವ ತಡೆಯುವ ವಾಲ್ವ್ ಬೇಕು. ಇಷ್ಟೆಲ್ಲ ಮಾಡಿ, ಗಾಳಿಯಾಡುವ ಹಳೆಯ ಮುಚ್ಚಳವನ್ನೇ ಉಳಿಸಿಕೊಂಡರೆ ಆವಿ ಡಬ್ಬಿಯ ಕಡೆ ತಲೆ ಹಾಕದೆ ಅಲ್ಲಿಂದಲೇ ಹೊರಬೀಳುತ್ತದೆ. 1996ರಿಂದ ಈಚಿನ ಎಂಜಿನ್ನಿನ ಕಂಪ್ಯೂಟರ್ ಇದನ್ನು ತಾನೇ ಪತ್ತೆ ಮಾಡುವಂತಿದೆ. ಅದು ಡಬ್ಬಿಗೆ ಹೊರಗಾಳಿ ಬಿಡುವ ವೆಂಟ್ ವಾಲ್ವ್ ಮುಚ್ಚಿ, ಆವಿಯನ್ನು ಎಂಜಿನ್ನಿಗೆ ಹಾಯಿಸುವ ಪರ್ಜ್ ವಾಲ್ವಿನಿಂದ ಟ್ಯಾಂಕಿನ ಗಾಳಿ ಎಳೆದು, ಒತ್ತಡ ಎಷ್ಟು ಹೊತ್ತು ನಿಲ್ಲುತ್ತದೆಂದು ನೋಡುತ್ತದೆ. ಒಂದು ಮಿಲಿಮೀಟರಿನಷ್ಟು ತೂತಿದ್ದರೂ ಡ್ಯಾಶ್‌ಬೋರ್ಡಿನ ಎಂಜಿನ್ ದೀಪ ಹೊತ್ತಿಕೊಳ್ಳುತ್ತದೆ. ಕಂಪ್ಯೂಟರ್ ತೋರುವ ಕೋಡು ಪಿ0442 ಎಂದರೆ ಸಣ್ಣ ಸೋರಿಕೆ, ಪಿ0455 ಎಂದರೆ ದೊಡ್ಡದು. ಡಬ್ಬಿ ಬಿಸಾಡಿ ಸಾಫ್ಟ್‌ವೇರಿನಲ್ಲಿ ಈ ಕೋಡುಗಳನ್ನೇ ಅಳಿಸಿಹಾಕುವ ಚಾಳಿಯೂ ಇದೆ. ಅಲ್ಲಿ ಸೋರಿಕೆ ಹಾಗೆಯೇ ಇರುತ್ತದೆ, ಅದನ್ನು ಹೇಳುವ ಬಾಯಿ ಮಾತ್ರ ಕಟ್ಟಿಹೋಗಿರುತ್ತದೆ.

ಡಬ್ಬಿ ಎಂಜಿನ್ನಿನ ಶಕ್ತಿ ತಿನ್ನುತ್ತದೆ ಎಂಬುದು ಸಾಮಾನ್ಯ ಆಕ್ಷೇಪ. ಇದರಲ್ಲಿ ಹುರುಳಿಲ್ಲ. ಆಕ್ಸಿಲರೇಟರ್ ಪೂರ್ತಿ ಒತ್ತಿದಾಗ ಮ್ಯಾನಿಫೋಲ್ಡಿನಲ್ಲಿ ಸೆಳೆತವೇ ಇರುವುದಿಲ್ಲ. ಡಬ್ಬಿಯಿಂದ ಎಳೆಯುವ ಆವಿಯೂ ಸುಡುವ ಪೆಟ್ರೋಲೇ. ತಿಂಗಳಿಗೊಮ್ಮೆ ಹೊರಬರುವ ಹವ್ಯಾಸಿ ಕಾರಿನಿಂದ ಏನು ಮಹಾ ಮಾಲಿನ್ಯ ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿ. ಸೈಲೆನ್ಸರ್ ಹೊಗೆಯ ಮಟ್ಟಿಗೆ ಅದು ಸರಿ ಕೂಡ: ಓಡದ ಕಾರು ಹೊಗೆ ಬಿಡುವುದಿಲ್ಲ. ಆವಿಗೆ ಆ ರಿಯಾಯಿತಿ ಇಲ್ಲ. ದಿನವೂ ಬಿಸಿಲೇರಿದಂತೆ ಟ್ಯಾಂಕು ಕಾಯುತ್ತದೆ, ಆವಿ ಏಳುತ್ತದೆ. ಟ್ಯಾಂಕು ಅರೆ ಖಾಲಿಯಿದ್ದರೆ ಆವಿಗೆ ಜಾಗವೂ ಹೆಚ್ಚು. ಓಡಿಸದೆ ನಿಲ್ಲಿಸಿಡುವುದೇ ಹೆಚ್ಚಿರುವ ಕಾರಿಗೆ, ಅದು ಬಿಡುವ ಹೈಡ್ರೊಕಾರ್ಬನ್‌ನಲ್ಲಿ ಆವಿಯ ಪಾಲೇ ದೊಡ್ಡದಾಗುತ್ತದೆ. ಹಾಗಾಗಿ ವಿನಾಯಿತಿ ಕೇಳಲು ಕೊಡುವ ಕಾರಣವೇ ಡಬ್ಬಿ ಬೇಕೆನ್ನುವುದಕ್ಕೂ ಕಾರಣ. ಸಾಮಾನ್ಯ ಗ್ಯಾರೇಜಿಗೆ ಇದು ಆಗದ ಕೆಲಸ ಎಂಬ ದೂರಿನಲ್ಲಿ ಒಂದು ಕಾಲಕ್ಕೆ ನಿಜವಿತ್ತು. ಬಿಡಿಭಾಗಗಳನ್ನು ಒಂದೊಂದಾಗಿ ಹುಡುಕಿ ಹೊಂದಿಸುವುದು ಈಗಲೂ ಕಷ್ಟವೇ. ಆದರೆ ಜನರಲ್ ಮೋಟರ್ಸ್‌ನ ಇ-ರಾಡ್ ಪ್ಯಾಕೇಜಿನಲ್ಲಿ ಎಂಜಿನ್, ಕಂಪ್ಯೂಟರ್, ಕೆಟಲಿಟಿಕ್ ಕನ್ವರ್ಟರುಗಳ ಜೊತೆ ಇದ್ದಿಲ ಡಬ್ಬಿಯೂ ಬರುತ್ತದೆ. ಹಳೆಯ ಕಾರುಗಳಿಗೆ ಅಳವಡಿಸಲು ಕ್ಯಾಲಿಫೋರ್ನಿಯಾದ ವಾಯು ಸಂಪನ್ಮೂಲ ಮಂಡಳಿಯ ಒಪ್ಪಿಗೆಯೂ ಸಿಕ್ಕಿದೆ. ಹಾಗಾಗಿ ಇದನ್ನು ಆಗದ ಕೆಲಸ ಎನ್ನಲಾಗದು.

ಈ ಡಬ್ಬಿ ನಮ್ಮ ಬೀದಿಗೂ ಬಂದಿದೆ. 2017ರಲ್ಲಿ ಬಿಎಸ್-4 ಮಾಲಿನ್ಯ ನಿಯಮ ಇಡೀ ದೇಶಕ್ಕೆ ಅನ್ವಯಿಸಿದಾಗ ದ್ವಿಚಕ್ರ ವಾಹನಗಳಿಗೂ ಆವಿಯ ಮಿತಿ ಬಂತು, ಬೆಂಗಳೂರು ಮೈಸೂರುಗಳ ಸ್ಕೂಟರುಗಳ ಒಳಗೂ ಇದ್ದಿಲು ಸೇರಿತು. ಆದರೆ ನಮ್ಮ ಎಮಿಷನ್ ಟೆಸ್ಟಿನ ಕೊಳವೆ ಹೋಗುವುದು ಸೈಲೆನ್ಸರಿನ ಬಾಯಿಗೆ ಮಾತ್ರ. ಆವಿಯ ಪೈಪು ಕಿತ್ತಿದ್ದರೂ ಆ ಪರೀಕ್ಷೆಗೆ ಅದು ಕಾಣದು. ಕ್ಯಾಲಿಫೋರ್ನಿಯಾದ ತಪಾಸಣೆಯಲ್ಲಿ ಟ್ಯಾಂಕಿನ ಮುಚ್ಚಳವನ್ನು ಬೇರೆಯಾಗಿ ಪರೀಕ್ಷಿಸುತ್ತಾರೆ, ಡಬ್ಬಿ ಮತ್ತು ಅದರ ಪೈಪುಗಳನ್ನು ಕಣ್ಣಿಟ್ಟು ನೋಡುತ್ತಾರೆ. ಕೋಣೆ ಕಟ್ಟಿ ಪ್ರತಿ ಸ್ಕೂಟರನ್ನೂ ಕೂಡಿಹಾಕಲು ಯಾರಿಂದಲೂ ಆಗದು. ಸೀಟಿನಡಿ ಟಾರ್ಚ್ ಬಿಟ್ಟು ಪೈಪುಗಳು ಸಿಕ್ಕಿಸಿದಂತೆಯೇ ಇವೆಯೇ, ಮುಚ್ಚಳದ ರಬ್ಬರ್ ಬಿರಿದಿದೆಯೇ ಎಂದು ನೋಡಿ ಚೀಟಿಯಲ್ಲಿ ಬರೆಯಲು ಎರಡು ನಿಮಿಷ ಸಾಕು. ನಮ್ಮ ಪರೀಕ್ಷಾ ಕೇಂದ್ರಗಳಿಗೆ ಅಷ್ಟನ್ನಾದರೂ ಕಡ್ಡಾಯ ಮಾಡಬೇಕು.